ಕಂದಿದ ಬೇಲಿ ಮತ್ತು ಕರ್ಮಫಲ

ಇಂಗ್ಲೆಂಡಿನ ನಮ್ಮ ಮನೆಯ ಲೇಲ್ಯಾಂಡ್ ಸೈಪ್ರೆಸ್ ಬೇಲಿ ಜುಲೈನಲ್ಲಿ ಕಂದು ಬಣ್ಣಕ್ಕೆ ತಿರುಗಿದಾಗ ಅತ್ತೆಯವರು, "ಯಾರ ಕಣ್ಣು ಬಿತ್ತೋ" ಎಂದರು. ನಾನು ರೆಂಬೆ ಬಿಡಿಸಿ ನೋಡಿದೆ: ಅಂಟು, ಕಪ್ಪು ಬೂಷ್ಟು. ಗಿಡಹೇನಿನ ಗುರುತು. ಅದು ವಸಂತದಲ್ಲೇ ರಸ ಹೀರಿ ಹೋಗಿರುತ್ತದೆ. ಬಣ್ಣ ಕೆಡುವುದು ವಾರಗಳು ಕಳೆದ ಮೇಲೆ. ನೀರಿಲ್ಲದ ಬೇಸಿಗೆಯೂ, ಬೇರಿನ ಬಳಿ ನಿಂತ ನೀರೂ ಹೀಗೇ ತಡವಾಗಿ ಲೆಕ್ಕ ಒಪ್ಪಿಸುತ್ತವೆ.

ಕರ್ಮಫಲವೆಂದರೆ ಇದೇ ಎನ್ನಲು ನಾಲಿಗೆ ತುಡಿಯುತ್ತದೆ. ಆದರೆ ಗಿಡ ಮಾಡಿದ ಪಾಪವೇನು? ಹೀರಿದ್ದು ಹೇನು, ಒಣಗಿದ್ದು ಮರ. ಕಾರಣವಿದೆ, ನ್ಯಾಯವೆಲ್ಲಿದೆ? ನೊಂದವರನ್ನು ಕಂಡ ಕೂಡಲೇ "ಪೂರ್ವಜನ್ಮದ್ದು" ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನು ಪ್ರಾಯಶ್ಚಿತ್ತ. ಹಸಿರಿಲ್ಲದ ಹಳೆ ಕಟ್ಟಿಗೆಯಿಂದ ಸೈಪ್ರೆಸ್ ಮತ್ತೆ ಚಿಗುರದು. ಒಣಗಿದ್ದನ್ನು ಕತ್ತರಿಸಿ, ಪಕ್ಕದ ಹಸಿರು ರೆಂಬೆಯನ್ನು ಬಾಗಿಸಿ ಕಟ್ಟಿ ಸಂದು ಮುಚ್ಚಬಹುದು. ಬರದಲ್ಲಿ ಬೇರಿನಾಳಕ್ಕೆ ನೀರುಣಿಸಬಹುದು. ಸವರುವಾಗ ಕತ್ತರಿಯನ್ನು ಹಸಿರಿನೊಳಗೇ ನಿಲ್ಲಿಸಬಹುದು. ಯೂ ಮರವಾದರೋ ಬೋಳು ಕಾಂಡದಿಂದಲೂ ಚಿಗುರುತ್ತದೆ. ಇಲ್ಲಿನ ಹಳೆಯ ಚರ್ಚುಗಳ ಅಂಗಳದಲ್ಲಿ, ಸಮಾಧಿಗಳ ನಡುವೆ, ಅದೇ ನಿಂತಿರುತ್ತದೆ. ಅದು ಹಾಗೆ ಚಿಗುರುವುದನ್ನು ಅತ್ತೆಯವರು ದೇವರ ಕೃಪೆ ಎನ್ನುತ್ತಾರೆ. ನಾನು ಜಾತಿಗುಣ ಎನ್ನುತ್ತೇನೆ. ಬೇಲಿಯ ತುದಿಯಲ್ಲಿ ಯೂ ಸಸಿ ನೆಡಲು ಮಾತ್ರ ಇಬ್ಬರೂ ಒಪ್ಪಿದ್ದೇವೆ.