ಕಡಲು ದಡಕ್ಕೆಸೆದದ್ದು ಯಾರ ಸೊತ್ತು?

ಕೆಲವು ವರ್ಷಗಳ ಹಿಂದೆ ನಮ್ಮೂರ ಸಮೀಪದ ಹೆದ್ದಾರಿಯಲ್ಲಿ ಅಡುಗೆ ಎಣ್ಣೆಯ ಟ್ಯಾಂಕರೊಂದು ಮಗುಚಿ ಬಿತ್ತು. ಮರುದಿನ ಬೆಳಿಗ್ಗೆ ಮದ್ರಸದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಉಸ್ತಾದ್, ನಮ್ಮ ಮನೆಗೆ ಎರಡು ಕೊಡಪಾನ ಎಣ್ಣೆ ತಂದಿದ್ದೇವೆ. ನಾವು ತಾರದಿದ್ದರೆ ಅದು ಚರಂಡಿಗೆ ಹರಿದು ಹೋಗುತ್ತಿತ್ತು. ಅದು ಹಲಾಲೋ, ಹರಾಮೋ?” ನಾನು ಥಟ್ಟನೆ “ಹರಾಮ್” ಎಂದೆ. ಹುಡುಗ ಕುಳಿತುಕೊಂಡ. ಆದರೆ ಅವನ ಮುಖದಲ್ಲಿ ಸಮಾಧಾನವಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಇರಲಿಲ್ಲ. ಚರಂಡಿ ಪಾಲಾಗುವುದನ್ನು ಬಡವನೊಬ್ಬ ತುಂಬಿಕೊಂಡರೆ ನಷ್ಟವಾಗುವುದು ಯಾರಿಗೆ?

ಪ್ರಿಯ ಓದುಗರೇ, ಇದು ಹೊಸ ಪ್ರಶ್ನೆಯಲ್ಲ. ಹಡಗುಗಳು ಒಡೆಯುವ ಕರಾವಳಿಗಳಲ್ಲಿ ಜನರು ಶತಮಾನಗಳಿಂದ ಎದುರಿಸಿದ ಪ್ರಶ್ನೆಯಿದು.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವಿದೆ. ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡ ನೆಲ. ಗೋಡೆಯಂತೆ ಕಡಿದಾದ ದಡ, ನೀರಿನಡಿ ಅಡಗಿ ಕುಳಿತ ಬಂಡೆಗಳು, ಚಳಿಗಾಲದ ಬಿರುಗಾಳಿ, ದಟ್ಟ ಮಂಜು. ಅಲ್ಲಿ ಒಡೆದ ಹಡಗುಗಳಿಗೆ ಲೆಕ್ಕವಿಲ್ಲ. 1707ರ ಅಕ್ಟೋಬರ್‌ನಲ್ಲಿ ಅದರಾಚೆಯ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ನೌಕಾಪಡೆಯ ನಾಲ್ಕು ಹಡಗುಗಳು ಒಂದೇ ರಾತ್ರಿ ಬಡಿದು ಸಾವಿರಕ್ಕೂ ಹೆಚ್ಚು ಮಂದಿ ಮುಳುಗಿದರು. ದಡದಲ್ಲಿದ್ದವರು ಮೀನುಗಾರರು, ತವರದ ಗಣಿಯ ಕೂಲಿಗಳು; ಬಡವರು. ಹಡಗು ಒಡೆದ ಸುದ್ದಿ ಮುಟ್ಟಿದೊಡನೆ ಗೋಣಿ, ಕೊಡಲಿ ಹಿಡಿದು ಓಡುತ್ತಿದ್ದರು. ಪೀಪಾಯಿ, ಬಟ್ಟೆಯ ಗಂಟು, ಮರದ ತೊಲೆ, ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತಿದ್ದರು. ಅದು ಕಳ್ಳತನವೆಂದು ಅವರಿಗೆ ಅನಿಸುತ್ತಿರಲಿಲ್ಲ. ಕಡಲು ಕೊಟ್ಟದ್ದು, ಅಷ್ಟೆ.

ಇನ್ನು ಕಾನೂನನ್ನು ನೋಡಿ. 1275ರಲ್ಲಿ, ಒಂದನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, ಒಂದು ವಿಧಿ ಜಾರಿಗೆ ಬಂತು. ಒಡೆದ ಹಡಗಿನಿಂದ ಮನುಷ್ಯನಾಗಲಿ, ನಾಯಿಯಾಗಲಿ, ಬೆಕ್ಕಾಗಲಿ ಜೀವಂತ ಪಾರಾಗಿ ಬಂದರೆ ಆ ಸರಕನ್ನು ವಾರಸುದಾರರಿಲ್ಲದ್ದೆಂದು ಎಣಿಸಬಾರದು. ಒಂದು ವರ್ಷ ಒಂದು ದಿನ ಕಾದಿರಿಸಿ, ಒಡೆಯ ಬಂದರೆ ಒಪ್ಪಿಸಬೇಕು. ಮಾಡಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಸ್ವಲ್ಪ ಯೋಚಿಸಿ. ದಡದಲ್ಲಿ ದುರಾಸೆಯವನೊಬ್ಬ ನಿಂತಿದ್ದಾನೆ. ಅಲೆಗಳ ನಡುವೆ ಒಬ್ಬ ಕೈಯೆತ್ತಿ ಕೂಗುತ್ತಿದ್ದಾನೆ. ಅವನು ಬದುಕಿ ಬಂದರೆ ಸರಕು ಕೈತಪ್ಪುತ್ತದೆ! ಮುಳುಗುವವನ ಪ್ರಾಣವೇ ದಡದವನ ಲಾಭಕ್ಕೆ ಅಡ್ಡಿಯಾಯಿತು. ಯಾವ ಜೀವಿಯೂ ಬದುಕಿ ಬಾರದಿದ್ದರೂ, ಒಡೆಯನ ಗುರುತು ಸಿಕ್ಕರೆ ಸೊತ್ತು ಅವನದೇ ಎಂದು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪಿತ್ತದ್ದು 1771ರಲ್ಲಿ, ಸುಮಾರು 500 ವರ್ಷಗಳ ನಂತರ.

ಕಾರ್ನ್‌ವಾಲ್‌ನ ಜನರು ಸುಳ್ಳು ದೀಪ ತೋರಿಸಿ ಹಡಗುಗಳನ್ನು ಬಂಡೆಗೆ ಸೆಳೆಯುತ್ತಿದ್ದರೆಂಬ ಕಥೆಗಳೂ ಇವೆ. ಹಾಗೆ ಮಾಡಿದವರಿಗೆ ಮರಣದಂಡನೆ ವಿಧಿಸುವ ಕಾನೂನು 1753ರಲ್ಲಿ ಬಂದದ್ದು ನಿಜ. ಆದರೆ ಇತಿಹಾಸಕಾರರು ದಾಖಲೆಗಳನ್ನು ಶೋಧಿಸಿದಾಗ ಅಲ್ಲಿ ಹೀಗೆ ನಡೆದದ್ದಕ್ಕೆ ಗಟ್ಟಿ ಪುರಾವೆ ದೊರೆತಿಲ್ಲ. ಹಡಗುಗಳನ್ನು ಒಡೆದದ್ದು ಗಾಳಿ, ಮಂಜು ಮತ್ತು ನಾವಿಕರ ತಪ್ಪು ಲೆಕ್ಕ. ಒಂದು ಊರಿನ ಎಲ್ಲರ ಮೇಲೂ ಇಂತಹ ಆರೋಪ ಹೊರಿಸುವುದು ಎಷ್ಟು ಸುಲಭವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕು ಹೊತ್ತದ್ದು ತಪ್ಪೆಂದು ಹೇಳುವ ನಾವು, ಮಾಡದ ಕೊಲೆಯನ್ನು ಅವರ ತಲೆಗೆ ಕಟ್ಟಬಾರದು.

ಅದೇ ದಡದಲ್ಲಿ ಇನ್ನೊಂದು ಬಗೆಯ ಮನುಷ್ಯರೂ ಇದ್ದರು. 1807ರ ಡಿಸೆಂಬರ್ 29ರಂದು ‘ಆನ್ಸನ್’ ಎಂಬ ಯುದ್ಧನೌಕೆ ಲೋ ಬಾರ್ ಎಂಬಲ್ಲಿ ದಡಕ್ಕೆ ಬಡಿದು ಒಡೆಯಿತು. ದಡದಲ್ಲಿ ಜನ ಸೇರಿದ್ದರು. ಅವರ ಕಣ್ಣೆದುರೇ, ಕೂಗಳತೆಯ ದೂರದಲ್ಲಿ, ಹತ್ತಾರು ಮಂದಿ ಮುಳುಗಿದರು. ಆ ಕಾಲದಲ್ಲಿ ಕಡಲು ತಂದ ಅಪರಿಚಿತ ಶವಗಳನ್ನು ಯಾವ ವಿಧಿಯೂ ಇಲ್ಲದೆ ದಡದಲ್ಲೇ ಹೂಳುವ ವಾಡಿಕೆಯಿತ್ತು. ಇದನ್ನು ಕಂಡು ನೊಂದ ಥಾಮಸ್ ಗ್ರಿಲ್ಸ್ ಎಂಬ ವಕೀಲರ ಪ್ರಯತ್ನದಿಂದ, ಅಂತಹವರನ್ನೂ ಊರಿನ ಸ್ಮಶಾನದಲ್ಲೇ ಗೌರವದಿಂದ ಹೂಳಬೇಕೆಂಬ ಕಾನೂನು 1808ರಲ್ಲಿ ಬಂತು. ಅಂದು ದಡದಲ್ಲಿ ನಿಂತಿದ್ದ ಹೆನ್ರಿ ಟ್ರೆಂಗ್ರೌಸ್ ಎಂಬ ಬಡಗಿಗೆ ಆ ನೋಟ ಮರೆಯಲಾಗಲಿಲ್ಲ. ರಾಕೆಟ್‌ನ ನೆರವಿನಿಂದ ದಡಕ್ಕೂ ಹಡಗಿಗೂ ನಡುವೆ ಹಗ್ಗ ಎಸೆದು ಜನರನ್ನು ಪಾರುಮಾಡುವ ಸಾಧನವನ್ನು ಅವನು ರೂಪಿಸಿದ. ತನ್ನ ಹಣವನ್ನೂ ಆಯುಷ್ಯವನ್ನೂ ಅದಕ್ಕೇ ಸುರಿದ.

ಎಲ್ಲರೂ ನಿಂತದ್ದು ಒಂದೇ ದಡದಲ್ಲಿ. ಒಬ್ಬನ ಕಣ್ಣಿಗೆ ಬಿದ್ದದ್ದು ತೇಲುವ ಪೀಪಾಯಿ. ಇನ್ನೊಬ್ಬನ ಕಣ್ಣಿಗೆ ಬಿದ್ದದ್ದು ಮುಳುಗುವ ಮನುಷ್ಯ. ಪ್ರಶ್ನೆ ಇರುವುದು ಇಲ್ಲಿಯೇ.

ನಮ್ಮ ಶರೀಅತ್ ಬಿದ್ದು ಸಿಕ್ಕಿದ ವಸ್ತುವಿಗೆ ‘ಲುಖತ’ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದೆ. ಅದರ ಚೀಲ, ಕಟ್ಟು ಮುಂತಾದ ಗುರುತುಗಳನ್ನು ನೆನಪಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಪ್ರವಾದಿ(ಸ) ಆದೇಶಿಸಿದರು. ವಸ್ತು ಕೈಜಾರಿದರೂ ಒಡೆತನ ಜಾರುವುದಿಲ್ಲ ಎಂಬುದು ಇದರ ತಿರುಳು. ಒಡೆಯನು ನಿಜವಾಗಿಯೂ ಕೈಬಿಟ್ಟ, ಕಡಲಿನಿಂದ ಶ್ರಮಪಟ್ಟು ಮೇಲೆತ್ತಿದ ವಸ್ತುವಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಅವನು ಕೈಬಿಟ್ಟನೆಂದು ತೀರ್ಮಾನಿಸುವ ಹಕ್ಕು ಗೋಣಿ ಹಿಡಿದು ನಿಂತವನಿಗಿಲ್ಲ.

ಸಹೀಹುಲ್ ಬುಖಾರಿಯಲ್ಲಿರುವ ಒಂದು ಘಟನೆಯನ್ನು ನೀವೂ ಕೇಳಿರಬಹುದು. ಬನೀ ಇಸ್ರಾಈಲರಲ್ಲೊಬ್ಬ ಅಲ್ಲಾಹನನ್ನೇ ಸಾಕ್ಷಿಯಾಗಿಟ್ಟು ಸಾವಿರ ದೀನಾರ್ ಸಾಲ ಪಡೆದ. ತೀರಿಸುವ ದಿನ ಬಂದಾಗ ಕಡಲು ದಾಟಲು ಹಡಗು ಸಿಗಲಿಲ್ಲ. ಮರದ ತುಂಡೊಂದನ್ನು ಕೊರೆದು, ಹಣವನ್ನೂ ಒಂದು ಪತ್ರವನ್ನೂ ಇಟ್ಟು, ಅಲ್ಲಾಹನ ಮೇಲೆ ಭಾರ ಹಾಕಿ ಕಡಲಿಗೆ ಬಿಟ್ಟ. ಆಚೆ ದಡದಲ್ಲಿ ಸಾಲ ಕೊಟ್ಟವನು ಅದನ್ನು ಸೌದೆಗೆಂದು ಮನೆಗೊಯ್ದು ಸೀಳಿದಾಗ ಹಣ ಸಿಕ್ಕಿತು. ನಂತರ ಸಾಲಗಾರ ಇನ್ನೊಂದು ಸಾವಿರ ದೀನಾರ್ ಹಿಡಿದು ಬಂದು ಕ್ಷಮೆ ಕೇಳಿದ. ಆಗ ಸಾಲ ಕೊಟ್ಟವನು ಸುಮ್ಮನಿದ್ದಿದ್ದರೆ? ನೋಡಿದವರು ಯಾರೂ ಇರಲಿಲ್ಲ. ಆದರೆ ಅವನು ನಿನ್ನ ಹಣ ತಲುಪಿದೆ ಎಂದು ಹೇಳಿ, ಎರಡನೆಯ ಸಾವಿರವನ್ನು ಹಿಂದೆ ಕಳುಹಿಸಿದ. ಹಣ ಕಳುಹಿಸಿದವನ ಭರವಸೆಯನ್ನು ನಾವು ಹೊಗಳುತ್ತೇವೆ. ಬಾಯಿ ಬಿಟ್ಟು ಸತ್ಯ ಹೇಳಿದವನ ಪ್ರಾಮಾಣಿಕತೆಯೂ ಅಷ್ಟೇ ದೊಡ್ಡದು.

ಇದರಿಂದ ನಾಡಿಗೇನು ಲಾಭ ಎನ್ನುವಿರಾ? 14ನೇ ಶತಮಾನದಲ್ಲಿ ಮಲಬಾರಿಗೆ ಬಂದ ಇಬ್ನ್ ಬತೂತ, ಆ ಸೀಮೆಯಲ್ಲಿ ಒಡೆದ ಹಡಗಿನ ಸೊತ್ತು ಅರಸನ ಬೊಕ್ಕಸ ಸೇರುತ್ತಿತ್ತೆಂದೂ, ಕಲ್ಲಿಕೋಟೆಯಲ್ಲಿ ಮಾತ್ರ ಅದು ಒಡೆಯನಿಗೇ ಉಳಿಯುತ್ತಿತ್ತೆಂದೂ, ಆ ನಗರ ಏಳಿಗೆ ಹೊಂದಿದ್ದು ಅದರಿಂದಲೇ ಎಂದೂ ಬರೆದಿದ್ದಾನೆ. ನಂಬಿಕೆಯಿದ್ದಲ್ಲಿಗೇ ವ್ಯಾಪಾರ ಬರುತ್ತದೆ.

2007ರ ಜನವರಿಯಲ್ಲಿ, ಕಾರ್ನ್‌ವಾಲ್‌ನ ನೆರೆಯ ಡೆವನ್ ಪ್ರಾಂತದ ಬ್ರಾನ್ಸ್‌ಕೂಂಬ್ ದಡದಲ್ಲಿ ‘ಎಂಎಸ್‌ಸಿ ನಾಪೊಲಿ’ ಹಡಗಿನ ಕಂಟೇನರುಗಳು ಬಂದು ಬಿದ್ದವು. ಜನರು ಹೊಸ ಮೋಟಾರ್ ಸೈಕಲುಗಳನ್ನು ತಳ್ಳಿಕೊಂಡು ಹೋದರು. ಅವರು ಬಡವರಾಗಿರಲಿಲ್ಲ. ಮನೆ ಬದಲಿಸುತ್ತಿದ್ದ ಒಂದು ಕುಟುಂಬದ ಸಾಮಾನೂ ಅದರಲ್ಲಿತ್ತು, ಅದನ್ನೂ ಬಿಡಲಿಲ್ಲ. ಆದ್ದರಿಂದ ಕಾರಣ ಹಸಿವೊಂದೇ ಅಲ್ಲ. ಇತ್ತ ಕಾರ್ನ್‌ವಾಲ್‌ನ ಮೌಸ್‌ಹೋಲ್ ಹಳ್ಳಿಯಿಂದ 1981ರ ಡಿಸೆಂಬರ್ 19ರ ರಾತ್ರಿ ಎಂಟು ಮಂದಿ ಸ್ವಯಂಸೇವಕರು ಮುಳುಗುತ್ತಿದ್ದ ಹಡಗಿನವರನ್ನು ಉಳಿಸಲು ದೋಣಿಯಲ್ಲಿ ಹೊರಟು, ಎಂಟೂ ಮಂದಿ ಮರಳಲಿಲ್ಲ. ಅವರ ಜಾಗ ತುಂಬಲು ಒಂದೇ ದಿನದಲ್ಲಿ ಅದೇ ಹಳ್ಳಿಯ ಬೇರೆಯವರು ಮುಂದೆ ಬಂದರು.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಮರುದಿನ ಅವನನ್ನು ಕರೆದು ಕೇಳಿದೆ: “ಮೋನೇ, ಟ್ಯಾಂಕರಿನ ಚಾಲಕ ಏನಾದ?” ಅವನಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ, ಹಲಾಲ್ ಹರಾಮ್ ಹೇಳುವ ಆತುರದಲ್ಲಿ ನಾನೂ ಅದನ್ನು ಕೇಳಿರಲಿಲ್ಲ. ಸಂಜೆ ಹುಡುಗನ ತಂದೆ ಬಂದರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, “ಉಸ್ತಾದ್, ಅವನು ರಸ್ತೆ ಬದಿಯಲ್ಲಿ ತಲೆ ಹಿಡಿದುಕೊಂಡು ಕುಳಿತಿದ್ದ. ನಾನು ಕೊಡಪಾನ ಹಿಡಿದು ಅವನನ್ನು ದಾಟಿಯೇ ಓಡಿದ್ದೆ” ಎಂದರು. ಎಣ್ಣೆಯ ಬೆಲೆ ಲೆಕ್ಕ ಹಾಕಿ ಒಡೆಯನಿಗೆ ತಲುಪಿಸೋಣ, ಒಡೆಯ ಸಿಗದಿದ್ದರೆ ಅವನ ಹೆಸರಲ್ಲಿ ದಾನ ಮಾಡೋಣ ಎಂದೆ. ಅವರು ಒಪ್ಪಿದರು. ಆದರೆ ದಾಟಿ ಓಡಿದ ಆ ನಾಲ್ಕು ಹೆಜ್ಜೆಗಳ ಬೆಲೆಯನ್ನು ನಾನು ಹೇಳಲಾರದೆ ಹೋದೆ.

ಪ್ರಿಯ ಓದುಗರೇ, ಇನ್ನೊಬ್ಬರ ಹಡಗು ನಮ್ಮ ದಡದಲ್ಲಿ ಒಡೆಯುವ ದಿನ ನಮಗೂ ಬಂದೀತು. ಲಾರಿಯೇ ಮಗುಚಬೇಕೆಂದಿಲ್ಲ. ನೆರೆಯವನ ಅಂಗಡಿ ಮುಳುಗಿ ಅರ್ಧ ಬೆಲೆಗೆ ಮಾರಾಟಕ್ಕೆ ಬರಬಹುದು, ಅನಾಥರ ಜಮೀನು ಕೈಗೆಟುಕುವಂತಿರಬಹುದು. ಆಗ ಮೊದಲು ಸರಕಿನ ಕಡೆಗಲ್ಲ, ಮನುಷ್ಯನ ಕಡೆಗೆ ಓಡುವ ಕಾಲುಗಳನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.