ಅಜ್ಜಿಯ ರೂಪಾಯಿ, ಮೊಮ್ಮಗಳ ಉಂಗುರ

ಹಳಿಯಾಳ, ಜೋಯಿಡಾ ಕಡೆಯ ಹಳೆಯ ಮನೆಗಳಲ್ಲಿ ಬೆಳ್ಳಿಯ ಗಂಟು ಬಿಚ್ಚಿದರೆ ಹೊರಬೀಳುವುದು ಒಂದೇ ಬಗೆಯ ಬೆಳ್ಳಿಯಲ್ಲ. ಸವೆದ ಕಾಲುಂಗುರ, ಕೊಂಡಿ ಹೋದ ಉಡಿದಾರ, ಒಳಗೆ ಅರಗು ತುಂಬಿದ ಪೊಳ್ಳು ಕಡಗ, ಸರದಿಂದ ಕಳಚಿದ ರೂಪಾಯಿ ನಾಣ್ಯ. ಒಂದೊಂದೂ ಒಂದೊಂದು ಕಾಲದಲ್ಲಿ ಒಬ್ಬೊಬ್ಬ ಪತ್ತಾರನ ಕೈಯಿಂದ ಬಂದದ್ದು. ಒಂದೊಂದರಲ್ಲೂ ತಾಮ್ರದ ಪಾಲು ಬೇರೆ. ಮನೆಯವರಿಗೆ ಮಾತ್ರ ಅದೆಲ್ಲ ಅಜ್ಜಿಯ ಬೆಳ್ಳಿ. ಮದುವೆಯ ಉಂಗುರವನ್ನು ಇದರಿಂದಲೇ ಮಾಡಿಸೋಣ ಎಂದು ಮೊಮ್ಮಗಳು ಹೊರಟಾಗ, ಇದಕ್ಕೆ ಏನು ಬೆರೆಸಬೇಕು, ಎಷ್ಟು ಬೆರೆಸಬೇಕು ಎಂಬ ಮಾತು ಬರುತ್ತದೆ.

ಸುಲಭದ ದಾರಿ ಒಂದುಂಟು. ಹಳೆಯದನ್ನು ಅಂಗಡಿಯಲ್ಲಿ ತೂಗಿ ಕೊಟ್ಟು, ಅದರ ಬೆಲೆಗೆ ನೂರಕ್ಕೆ 92.5 ಪಾಲಿನ ಸಿದ್ಧ ಬೆಳ್ಳಿ ತರುವುದು. ಲೆಕ್ಕ ಚೊಕ್ಕ. ಆದರೆ ಅಜ್ಜಿಯ ಬೆಳ್ಳಿ ಇನ್ನಾರದೋ ಮೂಸೆಗೆ ಹೋಯಿತು. ಅಷ್ಟಕ್ಕಾದರೆ ಅಜ್ಜಿಯ ಗಂಟು ಬಿಚ್ಚುವ ಅಗತ್ಯವೇ ಇರಲಿಲ್ಲ.

ಹಾಗೆಂದು ಬೆಳ್ಳಿಯನ್ನು ಪೂರ್ತಿ ಶುದ್ಧಮಾಡಿಸಿ ಉಂಗುರ ಮಾಡುವಂತೆಯೂ ಇಲ್ಲ. ಅಪ್ಪಟ ಬೆಳ್ಳಿ ಬಲು ಮೆತ್ತಗೆ. ಹಳಿಯಾಳದ ಕ್ರೈಸ್ತ ಸಿದ್ದಿಗಳ ಮದುವೆಯಲ್ಲಿ ಉಂಗುರ ಕೈಬೆರಳಿಗೆ ಏರಿದರೆ, ಪಕ್ಕದ ಹಿಂದೂ ಮನೆಯ ಮದುವೆಯಲ್ಲಿ ಬೆಳ್ಳಿ ಕಾಲಿನ ಬೆರಳಿಗೆ ಏರುತ್ತದೆ. ಎರಡೂ ಗದ್ದೆಗೆ, ಬಚ್ಚಲಿಗೆ, ಪಾತ್ರೆಗೆ ಹೋಗುವ ಬೆರಳುಗಳೇ. ಅದರಲ್ಲೂ ಕಾಲುಂಗುರದ ಪಾಡು ಕಷ್ಟದ್ದು. ಅದರ ಬಾಯಿ ತೆರೆದೇ ಇರುತ್ತದೆ. ಬೆರಳನ್ನು ಹಿಡಿದಿರುವಷ್ಟು ಬಿಗುವು ಲೋಹಕ್ಕೇ ಇರಬೇಕು. ಅಪ್ಪಟ ಬೆಳ್ಳಿಯದಾದರೆ ಹೊಸ್ತಿಲು ಎಡವಿದ ದಿನವೇ ಅಗಲವಾಗಿ ಜಾರಿಬಿದ್ದೀತು. ನೂರಕ್ಕೆ ಏಳೂವರೆ ಪಾಲು ತಾಮ್ರ ಸೇರಿದರೆ ಬೆಳ್ಳಿಯ ಗಟ್ಟಿತನ ಎರಡು ಪಟ್ಟಿಗೂ ಮೀರಿ ಏರುತ್ತದೆ. ಜೊತೆಗೆ ಇನ್ನೊಂದು ಗುಣ: ಬಡಿದಷ್ಟೂ ಬಿಗಿಯುತ್ತದೆ, ಕಾಯಿಸಿದರೆ ಮತ್ತೆ ಸಡಿಲುತ್ತದೆ. ಆದ್ದರಿಂದ ಕಾಲುಂಗುರಕ್ಕೆ ಕಡೆಯ ಕೆಲಸ ಸುತ್ತಿಗೆಯದಾಗಿರಬೇಕು, ಬೆಂಕಿಯದಲ್ಲ.

ಗಂಟಿನಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ನಾಣ್ಯದ ಮೇಲೆ, ಏಕೆಂದರೆ ಅದರ ಮೈಮೇಲೆ ಇಸವಿ ಇದೆ. ವಿಕ್ಟೋರಿಯಾ ರಾಣಿಯ ಕಾಲದ ಒಂದು ರೂಪಾಯಿ ಒಂದು ತೊಲೆ ತೂಗುತ್ತದೆ, ಅಂದರೆ ಸುಮಾರು 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ನೂರರ ಲೆಕ್ಕದಲ್ಲಿ 91.7. ಎಡ್ವರ್ಡ್, ಐದನೆಯ ಜಾರ್ಜ್ ಕಾಲದಲ್ಲೂ ಹಾಗೆಯೇ ನಡೆಯಿತು. ಯುದ್ಧದ ಬಿಸಿಗೆ 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದರ್ಧದಲ್ಲಿ ಬಹುಪಾಲು ತಾಮ್ರ, ಜೊತೆಗೆ ಒಂದಿಷ್ಟು ನಿಕ್ಕಲ್, ಒಂದಿಷ್ಟು ಸತು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಸರದಲ್ಲಿ ಪೋಣಿಸಿದಾಗ ಮೂರೂ ಮೇಲ್ನೋಟಕ್ಕೆ ಒಂದೇ ಬಗೆ ಕಾಣಬಹುದು.

ರಾಣಿಯ ರೂಪಾಯಿಯನ್ನು 92.5ಕ್ಕೆ ಏರಿಸಲು 1.3 ಗ್ರಾಂ ಶುದ್ಧ ಬೆಳ್ಳಿ ಬೆರೆಸಿದರೆ ಸಾಕು. 1943ರ ರೂಪಾಯಿಯನ್ನು ಅದೇ ಮಟ್ಟಕ್ಕೆ ತರಬೇಕಾದರೆ 66 ಗ್ರಾಂ ಬೇಕು! ಒಂದು ನಾಣ್ಯಕ್ಕೆ ಐದಾರು ತೊಲೆ ಹೊಸ ಬೆಳ್ಳಿ ಸುರಿದ ಮೇಲೆ ಅಜ್ಜಿಯ ಪಾಲು ಎಲ್ಲಿ ಉಳಿಯಿತು? ಮೇಲಾಗಿ ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಬೆರಳ ಸುತ್ತ ತುರಿಕೆ ಏಳುತ್ತದೆ. ಯುದ್ಧದ ರೂಪಾಯಿಯನ್ನು ಕರಗಿಸದೆ ಹಾಗೆಯೇ ಇಟ್ಟುಕೊಳ್ಳುವುದು ಲೇಸು. ರಾಣಿಯದನ್ನಂತೂ ಏನೂ ಬೆರೆಸದೆ ಕರಗಿಸಬಹುದು. 91.7ಕ್ಕೂ 92.5ಕ್ಕೂ ಇರುವ ಅಂತರ ಮುದ್ರೆ ಒತ್ತುವವರಿಗೆ ಮುಖ್ಯ, ಬೆರಳಿಗೆ ಗೊತ್ತಾಗದು. ಗಂಡಹೆಂಡಿರ ಎರಡು ಸಣ್ಣ ಉಂಗುರಕ್ಕೆ ಒಂದೇ ರೂಪಾಯಿ ಸಾಕಾದೀತು. ಒಂದನ್ನು ಕುಯ್ದು ಇಬ್ಬರಿಗೂ ಹಂಚಿದ ಹಾಗೆ.

ಕಡಗ, ಉಡಿದಾರಗಳ ಸಂಗತಿ ಇಷ್ಟು ನೇರವಲ್ಲ. ಅರಗನ್ನು ಮೊದಲು ಸುಟ್ಟು ತೆಗೆಯಬೇಕು. ಬೆಸುಗೆ ಹಾಕಿದ ಜಾಗಗಳನ್ನು ಕತ್ತರಿಸಿ ಬೇರೆ ಇಡಬೇಕು, ಅಲ್ಲಿ ಬೆಳ್ಳಿ ಕಡಿಮೆ. ಯಾರೋ ಆತುರಗಾರ ಎಂದೋ ಸೀಸದಿಂದ ರಿಪೇರಿ ಮಾಡಿದ್ದರೆ ಆ ಚೂರು ಇಡೀ ಮೂಸೆಯನ್ನು ಕೆಡಿಸುತ್ತದೆ. ಸ್ವಲ್ಪ ಸೀಸ ಸೇರಿದರೂ ಬೆಳ್ಳಿ ಬಡಿಯುವಾಗ ಬಿರಿಯುತ್ತದೆ.

ದಾಂಡೇಲಿಯವರಿಗೆ ಕಪ್ಪಾಗುವ ಚಿಂತೆ ಬೇರೆ. ಬಿದಿರು, ಕಟ್ಟಿಗೆಯನ್ನು ಬೇಯಿಸಿ ಕಾಗದ ಮಾಡುತ್ತ ಬೆಳೆದ ಊರು ಅದು. ಹಾಗೆ ಬೇಯಿಸುವಾಗ ಗಾಳಿಗೆ ಗಂಧಕದ ವಾಸನೆ ಸೇರುತ್ತದೆ, ಅದು ಇದ್ದಲ್ಲಿ ಬೆಳ್ಳಿ ಬೇಗ ಕಪ್ಪಡರುತ್ತದೆ. ತಾಮ್ರ ಹೆಚ್ಚಿದ್ದಷ್ಟೂ ಇನ್ನೂ ಬೇಗ. ತಾಮ್ರದ ಒಂದು ಪಾಲಿನ ಬದಲು ಜರ್ಮೇನಿಯಂ ಸೇರಿಸಿ ಕಪ್ಪಾಗುವುದನ್ನು ತಡೆಯುವ ಬೆಳ್ಳಿಯೊಂದನ್ನು 1990ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಜಾನ್ಸ್ ಎಂಬುವರು ರೂಪಿಸಿದರು. ಒಳ್ಳೆಯ ಲೋಹವೇ. ಆದರೆ ಅದಕ್ಕೆ ಹಳೆಯ ಬೆಳ್ಳಿ ಬೆರೆತರೆ ಆ ಗುಣ ಕುಂದುತ್ತದೆ. ಎಂದೂ ಹೊಳೆಯುವ ಉಂಗುರ ಬೇಕೆಂದರೆ ಅಜ್ಜಿಯನ್ನು ಹೊರಗಿಡಬೇಕು. ಮೇಲೆ ರೋಡಿಯಂ ಲೇಪನ ಹಾಕಿಸಬಹುದು, ಅದೂ ಸವೆಯುತ್ತದೆ. ನಾನಾದರೆ ಎರಡೂ ಬೇಡವೆನ್ನುತ್ತೇನೆ. ದಿನವೂ ತೊಟ್ಟ ಬೆಳ್ಳಿ ಚರ್ಮಕ್ಕೆ ಉಜ್ಜಿ ತಾನೇ ತಿಳಿಯಾಗಿರುತ್ತದೆ. ಕಪ್ಪಾಗುವುದು ಹೆಚ್ಚಾಗಿ ಪೆಟ್ಟಿಗೆಯಲ್ಲಿಟ್ಟದ್ದು.

ಬೆಳ್ಳಿಗೆ ಹಾಲ್‌ಮಾರ್ಕ್ 2005ರಿಂದ ಇದೆ, ಆದರೆ ಕಡ್ಡಾಯವಾಗಿಲ್ಲ. ಮನೆಯ ಬೆಳ್ಳಿಯಿಂದ ಮನೆಯವರಿಗೇ ಮಾಡಿಸುವ ಉಂಗುರಕ್ಕೆ ಅದರ ಹಂಗು ಬೇಕಿಲ್ಲ. ಪತ್ತಾರರ ಎದುರು ಕೂತು, ಏನೇನು ಮೂಸೆಗೆ ಹೋಯಿತು, ಎಷ್ಟು ತೂಕ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಸಾಕು. ಉಂಗುರವಾದ ಮೇಲೆ ಉಳಿದ ತುಂಡನ್ನು, ಅರದಿಂದ ಉದುರಿದ ಪುಡಿಯನ್ನು ಕೇಳಿ ತಂದು ಆ ಚೀಟಿಯೊಡನೆ ಇಡಬೇಕು. ಹತ್ತು ಹದಿನೈದು ವರ್ಷಕ್ಕೆ ಕಾಲುಂಗುರದ ತಳ ಸವೆದು ತಂತಿಯಂತಾದಾಗ, ಹೊಸ ತಳ ಕೂರಿಸಲು ಅದೇ ಬೆರಕೆಯ ಬೆಳ್ಳಿ ಕೈಯಲ್ಲಿರುತ್ತದೆ. ಬಣ್ಣವೂ ಹೊಂದುತ್ತದೆ, ಬೆಂಕಿಗೆ ಎರಡೂ ಒಂದೇ ಹದದಲ್ಲಿ ಕರಗುತ್ತವೆ.