ಲಕ್ಷ್ಯವಿಲ್ಲದ ಮಕ್ಕಳು

ಮಗಳ ಮನೆ ಆಳಂದದಲ್ಲಿ. ಕಳೆದ ಬೇಸಗೆಯಲ್ಲಿ ಅಲ್ಲಿದ್ದಾಗ, ಐದನೆಯ ತರಗತಿಯ ಮೊಮ್ಮಗಳಿಗೆ ಭಿನ್ನರಾಶಿ ಹೇಳಿಕೊಡಲು ಕುಳಿತೆ. ಅರ್ಧದಲ್ಲಿ ಕಾಲು ಕಳೆದರೆ ಎಷ್ಟು? ಹುಡುಗಿ ಪುಸ್ತಕದ ಕಡೆ ನೋಡಲಿಲ್ಲ; ನನ್ನ ಬಲಗೈಯನ್ನೇ ನೋಡುತ್ತಿದ್ದಳು. “ಲಕ್ಷ್ಯ ಎಲ್ಲಿದೆ?” ಎಂದು ಗದರಿದೆ.

“ಮುತ್ಯಾ, ತಪ್ಪಾದ್ರ ಹೊಡೀತೀಯೇನು?” ಎಂದಳು.

ಲಕ್ಷ್ಯವಿರಲಿಲ್ಲವೆನ್ನುವುದು ಹೇಗೆ? ಪೂರ್ತಿ ಇತ್ತು; ನನ್ನ ಕೈಯ ಮೇಲಿತ್ತು.

ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವನು ನಾನು. ಪ್ರಗತಿಪತ್ರದಲ್ಲಿ ‘ಲಕ್ಷ್ಯ ಸಾಲದು’ ಎಂದು ಬರೆಯುವಾಗ ಮಗುವಿನ ನಡತೆಯ ಮೇಲೆ ತೀರ್ಪು ಕೊಡುತ್ತಿದ್ದೇನೆಂದು ಒಮ್ಮೆಯೂ ಅನಿಸಲಿಲ್ಲ. ಲಕ್ಷ್ಯವೆಂದರೆ ಮನಸ್ಸು ಮಾಡಿದರೆ ಕೊಡಬಹುದಾದ್ದು, ಕೊಡದವನು ಸೋಮಾರಿ, ಇಲ್ಲವೇ ಉದ್ಧಟ ಎಂದೇ ನಂಬಿದ್ದೆ.

೨೦೦೧ರಲ್ಲಿ ಅಮೆರಿಕದ ಆ್ಯಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬವರು ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಕೆಲವು ಅಕ್ಷರಗಳನ್ನು ನೆನಪಿನಲ್ಲಿಟ್ಟುಕೊಂಡೇ, ದಶಕ ಸೇರಿಸಬೇಕಾದ ಕೂಡುವ ಲೆಕ್ಕ ಮಾಡಬೇಕು. ಗಣಿತಕ್ಕೆ ಅಂಜುವವರ ತಪ್ಪುಗಳು ಉಳಿದವರಿಗಿಂತ ಬಹಳ ಹೆಚ್ಚಿದವು. ಅಂಜಿಕೆಯೂ ಒಂದು ಹೊರೆಯೇ. ಲೆಕ್ಕಕ್ಕೆ ಬೇಕಾದ ಜಾಗದಲ್ಲಿ ಅದು ಮೊದಲೇ ಬಂದು ಕುಳಿತಿರುತ್ತದೆ. ಬೆಳೆದವರ ಗತಿ ಇದಾದರೆ ಹತ್ತು ವರ್ಷದ ಹುಡುಗಿಯದೇನು?

“ನಾವು ಛಡಿಯೇಟು ತಿಂದೇ ಮಗ್ಗಿ ಕಲಿಯಲಿಲ್ಲವೆ?” ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಕಲಿತೆವು, ನಿಜ. ಏಟು ತಿಂದು ಶಾಲೆ ಬಿಟ್ಟವರು ಹೀಗೆ ಕೇಳಲು ಬರುವುದಿಲ್ಲ. ಮೇಲಾಗಿ ಮಗ್ಗಿ ಬಾಯಿಪಾಠದ ಮಾತು. ಲೆಕ್ಕದಲ್ಲಾದರೋ ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ಹಿಡಿದಿರಬೇಕು. ಹಾಗೆಂದು ಲೆಕ್ಕವನ್ನೇ ಹಗುರ ಮಾಡಿಕೊಡಬೇಕೆಂದು ನಾನು ಹೇಳಲಾರೆ. ಕಷ್ಟದ ಲೆಕ್ಕ ಕೊಡುವ ಹಕ್ಕು ಮೇಷ್ಟರಿಗಿದೆ. ತಪ್ಪಿದರೆ ನಾಚುವಂತೆ ಮಾಡುವ ಹಕ್ಕು ಎಲ್ಲಿಂದ ಬಂತು?

ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಬರೆದ. ಅದರ ಭಿನ್ನರಾಶಿಯ ಲೆಕ್ಕಗಳಲ್ಲಿ ಆನೆಗಳಿವೆ, ದುಂಬಿಗಳಿವೆ, ಹರಿದು ಚೆಲ್ಲಿದ ಮುತ್ತಿನ ಹಾರವಿದೆ. ಸುಲಭದವಲ್ಲ, ನಾನೇ ಕಾಗದ ಹಿಡಿಯಬೇಕಾಯಿತು.

ಮರುದಿನ ಎರಡೂ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಆ ಹಾರದ ಕಥೆಯನ್ನು ಸಣ್ಣದು ಮಾಡಿ ಹೇಳಿದೆ: ಅರ್ಧ ಮುತ್ತು ನೆಲದ ಮೇಲೆ, ಕಾಲು ಭಾಗ ಹಾಸಿಗೆಯ ಮೇಲೆ, ದಾರದಲ್ಲಿ ಉಳಿದದ್ದು ಹತ್ತು. ಮೊದಲು ಇಪ್ಪತ್ತು ಎಂದಳು. ನಾನು ಸುಮ್ಮನಿದ್ದೆ. ತಾನೇ ಬೆರಳು ಮಡಚಿ, “ಅಲ್ಲಲ್ಲ, ನಲವತ್ತು” ಎಂದಳು.

ಆಮೇಲೆ, “ಹಾರ ಯಾಕ ಹರೀತು, ಮುತ್ಯಾ?” ಎಂದು ಕೇಳಿದಳು. ಪ್ರಣಯಕಲಹದಲ್ಲಿ ಎಂದು ಆಚಾರ್ಯರು ಬರೆದಿದ್ದಾರೆ. ದಾರ ಹಳೆಯದಾಗಿತ್ತು ಎಂದೆ.